ಹಳ್ಳಿ ಹುಡುಗರ ಕುದುರೆ ಸವಾರಿ ಕ್ಲಬ್: ಲಾಯದ ಕೆಲಸ ಕಲಿಸುವವರು ಯಾರು?

ಮಂಡ್ಯ, ಪಾಂಡವಪುರದ ಕಡೆಯ ಊರುಗಳಲ್ಲಿ ಯುವಕರು ಸೇರಿ ಕುದುರೆ ಸವಾರಿ ಕ್ಲಬ್ ಕಟ್ಟುವ ಮಾತಾಡುತ್ತಿದ್ದಾರೆ. ಕೆಲವರು ಕಟ್ಟಿಯೂ ಇದ್ದಾರೆ. ಇದು ಕ್ರೀಡೆಯೋ, ಶೋಕಿಯೋ, ವ್ಯಾಪಾರವೋ ಎಂಬ ಚರ್ಚೆ ಪಂಚಾಯಿತಿಯಿಂದ ಪಶು ಆಸ್ಪತ್ರೆಯವರೆಗೂ ಹಬ್ಬಿ ಗೋಜಲಾಗಿದೆ.

ಈ ಸೀಮೆಗೆ ಕುದುರೆ ಹೊಸದಲ್ಲ. ಶ್ರೀರಂಗಪಟ್ಟಣದಲ್ಲಿ ಹೈದರ್, ಟಿಪ್ಪುವಿನ ಅಶ್ವದಳ, 1891ರಲ್ಲಿ ಮೈಸೂರು ರೇಸ್ ಕ್ಲಬ್, ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ನಗರ ಗೆದ್ದವರ ಸಾಲಿನಲ್ಲಿ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್. ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಅಶ್ವದಳಗಳನ್ನು ಸೇರಿಸಿ 1953ರಲ್ಲಿ ಸೇನೆ ಕಟ್ಟಿದ ದಳವೇ 61ನೇ ಕ್ಯಾವಲ್ರಿ. ಮೈಸೂರಿನಲ್ಲಿ ಉಳಿದದ್ದು ಪೊಲೀಸ್ ಅಶ್ವಾರೋಹಿ ದಳ. ಜಂಬೂಸವಾರಿಯಲ್ಲಿ ನಾವು ನೋಡುವುದು ಅದನ್ನೇ. ಇಷ್ಟೆಲ್ಲದರ ನಡುವೆ ರೈತರ ಮನೆಯ ಹುಡುಗನ ಜಾಗ ಬಹುಮಟ್ಟಿಗೆ ಬೇಲಿಯಾಚೆಗೇ ಇತ್ತು.

ಜನಸಾಮಾನ್ಯರ ಕೈಗೆ ಸಿಕ್ಕ ಕುದುರೆ ಜಟಕಾದ್ದು. ಹುರುಳಿ ಎಷ್ಟು ನೆನೆಸಬೇಕು, ಲಗಾಮು ಎಲ್ಲಿ ಉಜ್ಜುತ್ತದೆ, ಗೊರಸು ಬಿಸಿಯಾದರೆ ಏನರ್ಥ ಎಂಬುದೆಲ್ಲ ಜಟಕಾದವರಿಗೆ ಕರತಲಾಮಲಕ. ಆಟೊ ಬಂತು, ಜಟಕಾ ಹೋಯಿತು, ಆ ತಿಳಿವಳಿಕೆಯೂ ಜೊತೆಗೇ ಹೋಯಿತು. ಕುದುರೆ ಹೋದದ್ದಕ್ಕಿಂತ ದೊಡ್ಡ ನಷ್ಟವಿದು.

2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಕುದುರೆ ಸವಾರಿಯಲ್ಲಿ ಎರಡು ಬೆಳ್ಳಿ ಗೆದ್ದ ಮೇಲೆ ಸವಾರಿಯ ಆಸೆ ಹಳ್ಳಿಗಳಲ್ಲೂ ಚಿಗುರಿತು. ಕಷ್ಟ ಶುರುವಾಗುವುದು ಕುದುರೆ ಬಂದ ಮೇಲೆ. ರೇಸಿನಿಂದ ನಿವೃತ್ತವಾದ ಕುದುರೆ ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ಅದು ಓಟಕ್ಕೆಂದೇ ಪಳಗಿದ ಪ್ರಾಣಿ. ಹೆದರಿದ ಹುಡುಗ ಲಗಾಮು ಬಿಗಿಹಿಡಿದಷ್ಟೂ ಮುಂದಕ್ಕೆ ನುಗ್ಗುತ್ತದೆ. ತಿಂಗಳುಗಟ್ಟಲೆ ಮರುತರಬೇತಿ ಕೊಡದೆ ಅದರ ಮೇಲೆ ಮಕ್ಕಳನ್ನು ಹತ್ತಿಸಲೇಬಾರದು.

ಇನ್ನು ಮೇವು. ಎತ್ತು ಸಾಕಿದ ಮನೆಯವರು ಕುದುರೆಗೂ ಅದೇ ಕಬ್ಬಿನ ಸೋಗೆ ಸಾಕು ಎಂದುಕೊಳ್ಳುತ್ತಾರೆ. ಕುದುರೆ ಮೆಲುಕು ಹಾಕುವುದಿಲ್ಲ, ವಾಂತಿಯನ್ನೂ ಮಾಡಲಾರದು. ಮೇವು ದಿಢೀರನೆ ಬದಲಾದರೆ ಹೊಟ್ಟೆಶೂಲೆ ಬಂದು ಒಂದೇ ರಾತ್ರಿಯಲ್ಲಿ ಸಾಯಬಹುದು. ದೊಡ್ಡ ಕುದುರೆಗೆ ದಿನಕ್ಕೆ ಸುಮಾರು 8ರಿಂದ 10 ಕೆಜಿ ಒಣಮೇವು, 25ರಿಂದ 40 ಲೀಟರ್ ನೀರು ಬೇಕು. ಲಾಳದ ಮಾತಂತೂ ಬೇರೆಯೇ. ಎತ್ತಿನ ಸೀಳುಗೊರಸಿಗೆ ಎರಡು ಬಿಲ್ಲೆ ಹೊಡೆಯುವವರು ಸಂತೆಯಲ್ಲಿ ಇನ್ನೂ ಸಿಗುತ್ತಾರೆ. ಕುದುರೆಯನ್ನು ನಿಲ್ಲಿಸಿಕೊಂಡೇ, ಕಾಲನ್ನು ತೊಡೆಗಳ ನಡುವೆ ಹಿಡಿದು, ಗೊರಸು ಕೆತ್ತಿ, ಮೊಳೆ ಒಳಗಿನ ಮಾಂಸಕ್ಕೆ ತಾಗದಂತೆ ಹೊರಕ್ಕೆ ಬರುವಂತೆ ಹೊಡೆಯುವವರನ್ನು ಮೈಸೂರಿನಿಂದ ಕರೆಸಬೇಕು, ಅದೂ 6ರಿಂದ 8 ವಾರಗಳಿಗೊಮ್ಮೆ.

ಬ್ರಿಟನ್‌ನಲ್ಲಿ 1929ರಲ್ಲಿ ಎಳೆಯರಿಗಾಗಿ ಹುಟ್ಟಿದ ಪೋನಿ ಕ್ಲಬ್ ಸವಾರಿಯಷ್ಟೇ ಕುದುರೆಯ ಆರೈಕೆಯನ್ನೂ ಕಲಿಸಿ ಪರೀಕ್ಷಿಸುತ್ತದೆ. ನಮ್ಮಲ್ಲಿ ಮೊದಲ ದಿನವೇ ಜೀನಿನ ಮೇಲೆ ಕೂರಿಸಿ ಫೋಟೊ ತೆಗೆಯುವ ಆತುರ. ಪಾಂಡವಪುರದ ಬಳಿಯ ಒಂದು ಗುಂಪು ಮಾತ್ರ ಹಳೆಯ ಜಟಕಾದವರೊಬ್ಬರನ್ನು ಹುಡುಕಿ, ಸಂಬಳ ಕೊಟ್ಟು ಕರೆತಂದಿದೆ. ಅಲ್ಲಿ ಹೊಸಬರು ಮೊದಲು ಲದ್ದಿ ಬಾಚಬೇಕು, ಮೈ ಉಜ್ಜಬೇಕು, ಗೊರಸಿನ ಕೊಳೆ ಕೆರೆಯಬೇಕು. ಕೆಲವರು ಬೇಸತ್ತು ಬಿಟ್ಟರು. ಉಳಿದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಅವರಿಂದಲೇ ಕ್ಲಬ್ ಬೆಳೆಯುತ್ತಿದೆ.

ಇಂಥ ಗುಂಪಿಗೂ ಸ್ವಂತ ಮೈದಾನವಿಲ್ಲ. ಜಾಗ ಕೇಳಿದರೆ ಒಂದು ಕಚೇರಿ ಇದನ್ನು ಕ್ರೀಡೆ ಎನ್ನುತ್ತದೆ, ಇನ್ನೊಂದು ಪ್ರಾಣಿ ಸಾಕಣೆ ಎನ್ನುತ್ತದೆ. ಸದ್ಯ ಸವಾರಿ ನಡೆಯುತ್ತಿರುವುದು ಸದಸ್ಯರೊಬ್ಬರ ಗದ್ದೆಯಲ್ಲಿ. ನಾಲೆಗೆ ನೀರು ಬಿಟ್ಟು ನಾಟಿ ಶುರುವಾಗುವುದರೊಳಗೆ ಗುಂಪಿನವರು ಬೇರೆ ಜಾಗ ಹುಡುಕಿಕೊಳ್ಳಬೇಕು.