ಚಂದ್ರನ ದಾರಿಯ ವಿಕಿರಣ ಮತ್ತು ಐವತ್ತು ವರ್ಷದ ಅನುಮಾನ

"ಮಾಮ, ಚಂದ್ರನಿಗೆ ಹೋದದ್ದೇ ಸುಳ್ಳಂತೆ. ದಾರಿಯಲ್ಲಿ ವಿಕಿರಣದ ಪಟ್ಟಿ ಇದೆಯಂತೆ, ದಾಟಿದವರು ಬದುಕೋದಿಲ್ಲವಂತೆ." ಮೊನ್ನೆ ಡೊಂಬಿವಲಿಯಿಂದ ಸ್ಲೋ ಲೋಕಲ್‌ನಲ್ಲಿ ಬರುವಾಗ ಅಕ್ಕನ ಮಗ ಫೋನ್ ಮುಂದೆ ಹಿಡಿದು ಹೇಳಿದ. ಮಾಟುಂಗಾ ಬರುವವರೆಗೂ ನಮ್ಮದು ಅದೇ ಮಾತು. ಅವನ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ಆ ಪಟ್ಟಿ ನಿಜವಾಗಿಯೂ ಇದೆ.

1958ರಲ್ಲಿ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1 ಮೇಲೆ ಹೋಯಿತು. ಅದರಲ್ಲಿದ್ದ ಕಣ ಎಣಿಸುವ ಉಪಕರಣ ಕೆಲವು ಕಡೆ ಸುಮ್ಮನಾಗಿಬಿಡುತ್ತಿತ್ತು. ಕೆಟ್ಟಿರಲಿಲ್ಲ. ಕಣಗಳು ಎಣಿಸಲಾಗದಷ್ಟು ಜಾಸ್ತಿ ಇದ್ದವು. ಭೂಮಿಯ ಕಾಂತಕ್ಷೇತ್ರ ಹಿಡಿದಿಟ್ಟ ಆ ಕಣಗಳ ವಲಯಕ್ಕೆ ವಿಜ್ಞಾನಿ ಜೇಮ್ಸ್ ವಾನ್ ಅಲೆನ್ ಹೆಸರು ಬಂತು. ಹತ್ತೇ ವರ್ಷಕ್ಕೆ, ಚಂದ್ರನತ್ತ ಹೊರಟ ಅಮೆರಿಕದ ನೌಕೆ ಅಪೊಲೊ-8ರ ಮೂವರು ಅದನ್ನು ದಾಟಿದರು. ಅಪೊಲೊ ನೌಕೆಗಳು ದಟ್ಟ ಭಾಗ ತಪ್ಪಿಸಿ, ಕೆಲವೇ ಗಂಟೆಗಳಲ್ಲಿ ಆಚೆ ಹೋಗುತ್ತಿದ್ದವು. ಕಾದ ಕಾವಲಿಗೆ ಬೆರಳು ತಾಗಿಸಿ ತೆಗೆಯುವುದು ಬೇರೆ, ಒತ್ತಿ ಹಿಡಿಯುವುದು ಬೇರೆ, ಅಲ್ವಾ? ಅತಿ ಹೆಚ್ಚು ವಿಕಿರಣ ತಗುಲಿದ್ದು ಅಪೊಲೊ-14ರವರಿಗೆ, ಸರಾಸರಿ 1.14 ರ್‍ಯಾಡ್. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನಿನ ಆಸುಪಾಸು.

ಅದೃಷ್ಟವೂ ಇತ್ತು. 1972ರ ಆಗಸ್ಟ್‌ನಲ್ಲಿ ಸೂರ್ಯನಿಂದ ಭಾರಿ ಕಣಗಳ ಬಿರುಗಾಳಿ ಎದ್ದಿತು. ಅಪೊಲೊ-16 ಏಪ್ರಿಲ್‌ನಲ್ಲೇ ಮರಳಿತ್ತು, ಅಪೊಲೊ-17 ಹೊರಟದ್ದು ಡಿಸೆಂಬರ್‌ನಲ್ಲಿ. ಆ ದಿನ ಯಾರಾದರೂ ಬರೀ ಬಾಹ್ಯಾಕಾಶ ಉಡುಪಿನಲ್ಲಿ ಚಂದ್ರನ ಮೇಲೆ ಓಡಾಡುತ್ತಿದ್ದರೆ ಕಾಯಿಲೆ ಬೀಳುತ್ತಿದ್ದರು.

ಅನುಮಾನ 1970ರ ದಶಕದಲ್ಲಿ ಪುಸ್ತಕವಾಯಿತು, 2001ರಲ್ಲಿ ಟಿವಿಗೆ ಬಂತು, ಈಗ ಫೋನಿನಲ್ಲಿದೆ. ಅಪಾಯ ಇದೆ ಅನ್ನೋದು ಉಳಿಯಿತು, ಎಷ್ಟು ಅನ್ನೋ ಲೆಕ್ಕ ಕೈಬಿಟ್ಟುಹೋಯಿತು.

1969ರ ಅಕ್ಟೋಬರ್‌ನಲ್ಲಿ ಅಪೊಲೊ-11ರ ಮೂವರೂ ಬೊಂಬಾಯಿಗೆ ಬಂದಿದ್ದರು. ಹೋಟೆಲ್ ಕೆಲಸ ಬಿಟ್ಟು ಹೋಗಿ ಅಪ್ಪ ರಸ್ತೆ ಬದಿ ನಿಂತು ಕೈಬೀಸಿದ್ದರು. ಅದು ಸಾಕ್ಷಿಯಲ್ಲ, ಒಪ್ಪುತ್ತೇನೆ. ಸಾಕ್ಷಿ ಇರುವುದು ಕೊಲಾಬಾದಲ್ಲಿ. ಹೋಮಿ ಭಾಭಾ ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ. ನಮ್ಮ ಕೋಲಾರದ ಚಿನ್ನದ ಗಣಿಯೊಳಗೆ, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳನ್ನು ಅಳೆದವರೂ ಇವರೇ. ಅಲ್ಲಿ ದೇವೇಂದ್ರ ಲಾಲ್ ಅವರ ತಂಡದ ಕೈಗೆ ಚಂದ್ರನ ಕಲ್ಲಿನ ಚೂರುಗಳು ಬಂದವು. ಆ ಕಲ್ಲಿನ ಹರಳನ್ನು ರಾಸಾಯನಿಕದಲ್ಲಿ ಅದ್ದಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಕಬ್ಬಿಣದಂಥ ಭಾರದ ಕಣಗಳು ಹೊಕ್ಕ ಗುರುತುಗಳು ಅವು. ಭೂಮಿಯ ಕಲ್ಲನ್ನು ಗಾಳಿಯ ಹೊದಿಕೆ ಕಾಯುತ್ತದೆ. ಚಂದ್ರನ ಕಲ್ಲಿಗೆ ಹೊದಿಕೆ ಇಲ್ಲ, ಲಕ್ಷಾಂತರ ವರ್ಷ ಬರಿಮೈಯಲ್ಲಿ ಬಿದ್ದಿರುತ್ತದೆ. ವಿಕಿರಣವನ್ನು ಮುಂದಿಟ್ಟು ಹೋಗಿಲ್ಲ ಅನ್ನುತ್ತಾರೆ, ಆದರೆ ಬಾಹ್ಯಾಕಾಶದ ವಿಕಿರಣವೇ ಕಲ್ಲಿನ ಮೇಲೆ ಸಹಿ ಹಾಕಿದೆ.

ಯಂತ್ರ ತಂದಿರಬಹುದಲ್ಲ, ಅಂದ ಹುಡುಗ. ತಂದಿವೆ. ಸೋವಿಯತ್‌ನ ಮೂರು ಲೂನಾ ನೌಕೆಗಳು 1970ರಿಂದ 1976ರೊಳಗೆ ತಂದದ್ದು ಎಲ್ಲ ಸೇರಿ ಅರ್ಧ ಕಿಲೋ ಕೂಡ ಇಲ್ಲ. ಅಪೊಲೊ ತಂದದ್ದು 382 ಕಿಲೋ.

ಈಗಿನ ಚಿಂತೆ ದಾರಿಯದ್ದಲ್ಲ, ಅಲ್ಲಿ ಉಳಿಯುವುದರದ್ದು. 2019ರಲ್ಲಿ ಚೀನಾದ ಚಾಂಗ್ಇ-4 ನೌಕೆ ಚಂದ್ರನ ನೆಲದಲ್ಲೇ ಅಳೆಯಿತು: ದಿನಕ್ಕೆ ಸುಮಾರು 1,369 ಮೈಕ್ರೋಸೀವರ್ಟ್ (ಮೈಗೆ ತಗುಲುವ ವಿಕಿರಣದ ಇನ್ನೊಂದು ಅಳತೆ), ಬಾಹ್ಯಾಕಾಶ ನಿಲ್ದಾಣದಲ್ಲಿ ಸಿಗುವುದರ ಸುಮಾರು ಎರಡು ಪಟ್ಟು. ಎರಡು ಮೂರು ದಿನಕ್ಕೆ ನಡೆದೀತು, ತಿಂಗಳುಗಟ್ಟಲೆ ಇರುವವರಿಗೆ ಆಗದು. ಅದಕ್ಕೇ ಮುಂದೆ ಕಟ್ಟುವ ಮನೆಗಳ ಮೇಲೆ ಅಲ್ಲಿನ ಮಣ್ಣನ್ನೇ ದಪ್ಪಗೆ ಹೊದಿಸುವ ಯೋಚನೆ ನಡೆದಿದೆ.