ಉಲ್ಟಿಮಾಳನ್ನು ಶಾಲೆಯಿಂದ ಹೊರಗಟ್ಟಿದವರು

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಬ್ಲೂಮ್‌ಫೀಲ್ಡ್‌ನಲ್ಲಿ 1981ರಲ್ಲಿ ಶಾಲಾ ಮಂಡಳಿಯೇ ಒಂದು ಕಾದಂಬರಿಯ ಪ್ರತಿಗಳನ್ನು ಸುಟ್ಟಿತು. ಬರೆದವರು ಹೊರಗಿನವರೇನಲ್ಲ. ಅದೇ ರಾಜ್ಯದ ಪಾಸ್ತೂರಾ ಹಳ್ಳಿಯಲ್ಲಿ 1937ರಲ್ಲಿ ಹುಟ್ಟಿ, ಅಲ್ಲಿನ ಶಾಲೆಗಳಲ್ಲೇ ಮೇಷ್ಟ್ರಾಗಿದ್ದ ರುಡಾಲ್ಫೊ ಅನಾಯಾ.

ಇಂಗ್ಲಿಷಿನ ನಡುವೆ ಸ್ಪ್ಯಾನಿಷ್ ಬೆರೆತ ಈ 'ಬ್ಲೆಸ್ ಮಿ, ಉಲ್ಟಿಮಾ'ವನ್ನು ದೊಡ್ಡ ಪ್ರಕಾಶಕರು ಒಲ್ಲೆ ಎಂದಿದ್ದರು. ಕೊನೆಗೆ 1972ರಲ್ಲಿ ಅಚ್ಚು ಹಾಕಿದ್ದು ಬರ್ಕ್ಲಿಯ ಕ್ವಿಂಟೊ ಸೋಲ್ ಎಂಬ ಪುಟ್ಟ ಪ್ರಕಾಶನ.

ಆರೇಳು ವರ್ಷದ ಆಂಟೋನಿಯೊನ ಮನೆಗೆ ಉಲ್ಟಿಮಾ ಎಂಬ ಮುದುಕಿ ಬರುತ್ತಾಳೆ. ಗಿಡಮೂಲಿಕೆ ಬಲ್ಲ ನಾಟಿವೈದ್ಯೆ. ಊರಿನ ಕೆಲವರ ಕಣ್ಣಿಗೆ ಮಾಟಗಾತಿ. ಅಪ್ಪನ ಕಡೆಯವರು ಕುದುರೆ ಏರಿ ಬಯಲಲ್ಲಿ ದನ ಕಾಯ್ದವರು, ಅಮ್ಮನ ಕಡೆಯವರು ಹೊಲ ಉತ್ತವರು. ಮಗ ಪಾದ್ರಿಯಾಗಲಿ ಎಂಬುದು ಅಮ್ಮನ ಆಸೆ. ಹುಡುಗನೋ ಒಂದರ ಮೇಲೊಂದು ಸಾವನ್ನು ಕಣ್ಣಾರೆ ಕಂಡವನು. ಮೊದಲ ಪರಮಪ್ರಸಾದ ನಾಲಗೆಯ ಮೇಲಿಟ್ಟುಕೊಂಡರೂ ದೇವರು ಉತ್ತರ ಕೊಡಲಿಲ್ಲವಲ್ಲ ಎಂದು ಕಂಗಾಲಾಗುತ್ತಾನೆ. ಹೊಳೆಯ ಹೊಂಬಣ್ಣದ ಮೀನೇ ದೇವರಿರಬಹುದೇ ಎಂದು ಬೆರಗಾಗುತ್ತಾನೆ.

ತಕರಾರು ಎತ್ತಿದವರು ಹೆಚ್ಚಾಗಿ ತೋರಿಸಿದ್ದು ಬೈಗುಳಗಳನ್ನು, ಮಾಟಮಂತ್ರವನ್ನು. ಬೈಗುಳ ನೆಪವೆಂದೇ ನನಗನ್ನಿಸುತ್ತದೆ. ಹತ್ತು ವರ್ಷವೂ ತುಂಬದ ಹುಡುಗ ದೇವರಿಗೇ ಪ್ರಶ್ನೆ ಹಾಕುತ್ತಾನಲ್ಲ, ಚುಚ್ಚಿದ್ದು ಅದು.

ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ, ವಿಚಾರ ಹಿಡಿಸದು ಎಂಬ ಒಂದೇ ಕಾರಣಕ್ಕೆ ಶಾಲಾ ಗ್ರಂಥಾಲಯದಿಂದ ಪುಸ್ತಕ ತೆಗೆಯುವಂತಿಲ್ಲ ಎಂದಿತ್ತು. ಆದರೆ ತರಗತಿಯಲ್ಲಿ ಕಲಿಸುವ ಪುಸ್ತಕಗಳ ತಂಟೆಗೆ ಆ ತೀರ್ಪು ಹೋಗಲಿಲ್ಲ. ಮಂಡಳಿಗಳು ನುಸುಳಿದ್ದು ಈ ಸಂದಿಯಲ್ಲೇ. 2005ರಲ್ಲಿ ಕೊಲರಾಡೊದ ನಾರ್ವುಡ್ ಶಾಲೆಯಲ್ಲಿ ಪೋಷಕರ ದೂರಿನ ಮೇಲೆ ಪ್ರತಿಗಳನ್ನು ಕಿತ್ತುಕೊಂಡು ಅವರ ಕೈಗೇ ಕೊಡಲಾಯಿತು. ಮಕ್ಕಳು ಸುಮ್ಮನಿರಲಿಲ್ಲ. ಶಾಲೆಯ ಜಿಮ್‌ನಲ್ಲಿ ಧರಣಿ ಕೂತು, ಸರದಿಯಂತೆ ಅದೇ ಕಾದಂಬರಿಯನ್ನು ಗಟ್ಟಿಯಾಗಿ ಓದಿದರು. ಅಧಿಕಾರಿ ಕ್ಷಮೆ ಕೇಳಬೇಕಾಯಿತು. ಕೆಲವೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯದ ನ್ಯೂಮನ್‌ನಲ್ಲೂ ಪುಸ್ತಕವನ್ನು ಪಾಠದಿಂದ ಕೈಬಿಟ್ಟರು. ಇತ್ತ ಅಮೆರಿಕದ ಕೇಂದ್ರ ಸರ್ಕಾರದ ಕಲಾನಿಧಿ ಸಂಸ್ಥೆ ಇದೇ ಕೃತಿಯನ್ನು ದೇಶವೆಲ್ಲ ಓದಲಿ ಎಂದು 'ಬಿಗ್ ರೀಡ್' ಯೋಜನೆಗೆ ಆರಿಸಿತ್ತು! 2016ರಲ್ಲಿ ಅಧ್ಯಕ್ಷ ಒಬಾಮ ಅನಾಯಾಗೆ ರಾಷ್ಟ್ರೀಯ ಪದಕವನ್ನೂ ತೊಡಿಸಿದರು.

ಅರಿಜೋನಾದಲ್ಲಿ ಮಾತ್ರ ನೆಪವೇ ಬೇರೆ. ಒಂದು ಜನಾಂಗದವರಿಗೆಂದೇ ಪಾಠ ಇರಕೂಡದು ಎಂಬ 2010ರ ಕಾನೂನು ಹಿಡಿದು, 2012ರ ಜನವರಿಯಲ್ಲಿ ಟೂಸಾನ್‌ನ ಶಾಲೆಗಳು ಮೆಕ್ಸಿಕನ್ ಅಮೆರಿಕನ್ ಅಧ್ಯಯನವನ್ನೇ ನಿಲ್ಲಿಸಿದವು. ಅದರ ಓದುಪಟ್ಟಿಯಲ್ಲಿದ್ದ ಅನಾಯಾ ಕಾದಂಬರಿಯೂ ಜೊತೆಗೇ ಹೋಯಿತು. ಇದರ ಹಿಂದೆ ಜನಾಂಗದ್ವೇಷವಿತ್ತು ಎಂದು ಫೆಡರಲ್ ನ್ಯಾಯಾಧೀಶರು ತೀರ್ಪು ಕೊಟ್ಟದ್ದು 2017ರಲ್ಲಿ. ಪಾಠ ನಿಂತಾಗ ಹೈಸ್ಕೂಲಿನಲ್ಲಿದ್ದ ಮಕ್ಕಳು ಅಷ್ಟರಲ್ಲಿ ಓದು ಮುಗಿಸಿ ಹೋಗಿದ್ದರು.