ಎಣ್ಣೆ ಊರಿನ ಒಳಚರಂಡಿ ಲೆಕ್ಕ

ಒಂದು ಊರಿನಲ್ಲಿ ನಿಜಕ್ಕೂ ಎಷ್ಟು ಜನ ಇದ್ದಾರೆ ಅಂತ ತಿಳಿಯಬೇಕಾದರೆ ನಾನು ಜನಗಣತಿ ಪಟ್ಟಿ ನೋಡುವುದಿಲ್ಲ, ಒಳಚರಂಡಿ ನೋಡುತ್ತೇನೆ. ಪಟ್ಟಿಗೆ ಹೆಸರು ಕೊಡದೆ ತಪ್ಪಿಸಿಕೊಳ್ಳಬಹುದು. ಕಕ್ಕಸಿಗೆ ಹೋಗದೆ ಯಾರೂ ಇರಲಾರರು, ಅಲ್ವಾ?

ನಾನು ಸಿವಿಲ್ ಇಂಜಿನಿಯರ್. ಕುಡಿಯುವ ನೀರು, ಯುಜಿಡಿ (ಅಂದರೆ ನೆಲದಡಿಯ ಒಳಚರಂಡಿ) ನನ್ನ ಕೆಲಸ. 2012ರಿಂದ ನಾಲ್ಕು ವರ್ಷ ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಪಶ್ಚಿಮ ಮೂಲೆಯಲ್ಲಿ, ವಿಲ್ಲಿಸ್ಟನ್ ಸುತ್ತಮುತ್ತ ಇದ್ದೆ. ಶೇಲ್ ತೈಲದ, ಅಂದರೆ ನೆಲದಾಳದ ಪದರಗಲ್ಲಿನಿಂದ ತೆಗೆಯುವ ತೈಲದ, ಭರಾಟೆ ಜೋರಾಗಿದ್ದ ಕಾಲ ಅದು. 'ಎಣ್ಣೆ ಊರಿಗೆ ಹೋಗಿದ್ದಾನೆ' ಅಂತ ಇಲ್ಲಿನ ಗೆಳೆಯರು ಬೇರೆಯೇ ಅರ್ಥದಲ್ಲಿ ನಗುತ್ತಿದ್ದರು.

ಮೊದಲ ವಾರವೇ ಒಂದು ಪಂಪ್‌ಹೌಸಿನ ಚಾರ್ಟ್ ಕೈಗೆ ಬಂತು. ಯಾವ ಊರೇ ಆಗಲಿ, ಕೊಳಚೆ ನೀರಿನ ಹರಿವಿಗೆ ಒಂದು ಲಯ ಇರುತ್ತದೆ. ಬೆಳಗ್ಗೆ ಸ್ನಾನ, ಪಾತ್ರೆ, ಬಟ್ಟೆ. ಆಗ ಒಂದು ದಿಬ್ಬ. ಮಧ್ಯಾಹ್ನ ಇಳಿಜಾರು. ಸಂಜೆ ಇನ್ನೊಂದು ದಿಬ್ಬ. ರಾತ್ರಿ ಎರಡರಿಂದ ನಾಲ್ಕರವರೆಗೆ ಪಂಪಿಗೂ ನಿದ್ದೆ. ಮೈಸೂರಿನಲ್ಲೂ ಹೀಗೇ, ಮಿನಿಯಾಪೊಲಿಸ್‌ನಲ್ಲೂ ಹೀಗೇ. ಇಲ್ಲಿ ನೋಡಿದರೆ ಬೆಳಗಿನ ಜಾವ ನಾಲ್ಕೂವರೆಗೇ ಒಂದು ಗುಡ್ಡ, ಸಂಜೆ ಆರೂವರೆಗೆ ಅಂಥದ್ದೇ ಇನ್ನೊಂದು. ನಡುವೆ ಇಳಿತವೇ ಇಲ್ಲ. ಮೀಟರ್ ಕೆಟ್ಟಿದೆ ಅಂದುಕೊಂಡೆ. ಪಂಪ್ ನೋಡಿಕೊಳ್ಳುತ್ತಿದ್ದ ಹಿರಿಯರು ನಕ್ಕರು. "ಮೀಟರ್ ಸರಿಯಾಗೇ ಇದೆ. ಊರು ಹೀಗಾಗಿದೆ" ಅಂದರು.

ತೈಲದ ರಿಗ್‌ಗಳಲ್ಲಿ 12 ಗಂಟೆಯ ಪಾಳಿ. ಒಬ್ಬ ಎದ್ದು ಹೋದ ಹಾಸಿಗೆಯಲ್ಲಿ, ಅದು ಆರುವ ಮುಂಚೆ ಇನ್ನೊಬ್ಬ ಬಂದು ಮಲಗುತ್ತಿದ್ದ. 2010ರ ಜನಗಣತಿ ಪ್ರಕಾರ ವಿಲ್ಲಿಸ್ಟನ್ ಜನಸಂಖ್ಯೆ 14,716. ನಮ್ಮ ಪೈಪುಗಳು ಹೇಳುತ್ತಿದ್ದ ಲೆಕ್ಕ ಅದನ್ನು ಎಲ್ಲೋ ಹಿಂದೆ ಹಾಕಿತ್ತು. ಲಾರಿಯಲ್ಲೇ ಮಲಗುವವರು, ವಾಲ್‌ಮಾರ್ಟ್ ಅಂಗಡಿಯ ಪಾರ್ಕಿಂಗ್‌ನಲ್ಲಿ ಕ್ಯಾರವಾನ್ ನಿಲ್ಲಿಸಿಕೊಂಡವರು, 'ಮ್ಯಾನ್ ಕ್ಯಾಂಪ್' ಎಂಬ ಡಬ್ಬಿ ಮನೆಗಳ ಸಾಲಿನಲ್ಲಿ ಇರುವವರು, ಇವರ್ಯಾರೂ ಗಣತಿಗೆ ಸಿಕ್ಕವರಲ್ಲ.

ಇಷ್ಟೆಲ್ಲ ಯಾಕಾಯಿತು ಅಂತ ಹೇಳಲು ಸ್ವಲ್ಪ ನೆಲದ ಕೆಳಗೆ ಇಳಿಯಬೇಕು. ಅಲ್ಲಿನ ತೈಲದ ಪದರಕ್ಕೆ ಬಾಕನ್ ಅಂತ ಹೆಸರು. ಟಯೋಗಾ ಎಂಬ ಪುಟ್ಟ ಊರಿನ ಹೆನ್ರಿ ಬಾಕನ್ ಎಂಬ ರೈತರ ಜಮೀನಿನಿಂದ ಬಂದ ಹೆಸರು. ಅದೇ ಟಯೋಗಾ ಹತ್ತಿರ 1951ರಲ್ಲಿ ಆ ರಾಜ್ಯದ ಮೊದಲ ತೈಲ ಸಿಕ್ಕಿತ್ತು. ಬಾಕನ್ ಅನ್ನು ಹೋಳಿಗೆ ಅಂದುಕೊಳ್ಳಿ. ಮೇಲೊಂದು ಕೆಳಗೊಂದು ಕಪ್ಪು ಶೇಲ್ ಪದರ, ಅದು ಕಣಕ. ನಡುವೆ ಗಟ್ಟಿ ಕಲ್ಲಿನ ಇನ್ನೊಂದು ಪದರ, ಅದು ಹೂರಣ. ತೈಲ ಹುಟ್ಟುವುದು ಶೇಲ್‌ನಲ್ಲಿ, ಒಸರಿ ಬಂದು ಸೇರಿರುವುದು ನಡುವಿನ ಕಲ್ಲಿನಲ್ಲಿ. ಆ ಕಲ್ಲು ಎಷ್ಟು ಬಿಗಿ ಅಂದರೆ ನೇರ ಬಾವಿ ಕೊರೆದರೆ ತೈಲ ಜಿನುಗುವುದೇ ಕಷ್ಟ.

2000ದ ನಂತರ ಉಪಾಯ ಕೂಡಿಬಂತು. ಸುಮಾರು 3 ಕಿಲೋಮೀಟರ್ ಕೆಳಗೆ ಹೋಗಿ, ಅಲ್ಲಿಂದ ಅಡ್ಡಕ್ಕೆ ತಿರುಗಿ, ಹೂರಣದ ಒಳಗೇ ಮತ್ತೆ 3 ಕಿಲೋಮೀಟರ್ ಕೊರೆಯುವುದು. ಆಮೇಲೆ ನೀರು, ಮರಳು, ರಾಸಾಯನಿಕ ಸೇರಿಸಿ ಭಾರೀ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಸೀಳುವುದು. ಸೀಳು ಮತ್ತೆ ಮುಚ್ಚಿಕೊಳ್ಳದಂತೆ ಮರಳಿನ ಕಾಳು ತಡೆಹಿಡಿಯುತ್ತದೆ. ಇದೇ ಫ್ರ್ಯಾಕಿಂಗ್. 2005ರ ಸುಮಾರಿಗೆ ದಿನಕ್ಕೆ ಒಂದು ಲಕ್ಷ ಬ್ಯಾರೆಲ್ ತೆಗೆಯುತ್ತಿದ್ದ ರಾಜ್ಯ, 2014ರ ಏಪ್ರಿಲ್‌ನಲ್ಲಿ ಹತ್ತು ಲಕ್ಷ ದಾಟಿತು.

ಇಲ್ಲೊಂದು ನಮ್ಮ ಮನೆ ಸಂಗತಿ. ನೀರು ಮಾತ್ರ ನುಗ್ಗಿಸಿದರೆ ಮರಳು ತಳ ಹಿಡಿಯುತ್ತದೆ, ದೂರ ಹೋಗುವುದಿಲ್ಲ. ನೀರು ಗಂಜಿಯಂತೆ ಮಂದ ಆಗಬೇಕು. ಅದಕ್ಕೆ ಹಾಕುವುದು ಗೌರ್ ಗಮ್, ಅಂದರೆ ಗೋರಿಕಾಯಿ ಬೀಜದ ಪುಡಿ. ಉತ್ತರ ಕರ್ನಾಟಕದವರಿಗೆ ಚವಳಿಕಾಯಿ. ಜಗತ್ತಿನ ಗೋರಿಬೀಜದಲ್ಲಿ ಸುಮಾರು ನೂರಕ್ಕೆ 80 ಪಾಲು ಭಾರತದ್ದು, ಅದರಲ್ಲಿ ದೊಡ್ಡ ಪಾಲು ರಾಜಸ್ಥಾನದ್ದು. ಡಕೋಟಾ, ಟೆಕ್ಸಾಸ್ ಬೇಡಿಕೆಗೆ 2012ರಲ್ಲಿ ಅದರ ಬೆಲೆ ಹೇಗೆ ಹುಚ್ಚೆದ್ದಿತು ಅಂದರೆ, ಮಾರ್ಚ್ ತಿಂಗಳಲ್ಲಿ ನಮ್ಮಲ್ಲಿ ವಾಯಿದಾ ವ್ಯಾಪಾರವನ್ನೇ (ಮುಂದೆ ಕೊಡುವ ಮಾಲಿಗೆ ಈಗಲೇ ಬೆಲೆ ಕಟ್ಟುವ ವ್ಯಾಪಾರ) ನಿಲ್ಲಿಸಬೇಕಾಯಿತು. ಬಾವಿಯ ಬಳಿ ಪೇರಿಸಿದ್ದ ಚೀಲಗಳನ್ನು ನೋಡಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಪಲ್ಯ ಮಾಡೋದು ಬಿಟ್ಟು ನೆಲಕ್ಕೆ ಸುರೀತಾರಾ?" ಅಂದರು.

ನನ್ನ ಕೆಲಸಕ್ಕೆ ತಟ್ಟಿದ್ದು ನೀರಿನ ಲೆಕ್ಕ. ನಾನಿದ್ದಾಗ ಒಂದು ಬಾವಿ ಸೀಳಲು ಸುಮಾರು 75 ಲಕ್ಷ ಲೀಟರ್ ನೀರು ಬೇಕಿತ್ತು. ಇಪ್ಪತ್ತು ಸಾವಿರ ಲೀಟರಿನ ಟ್ಯಾಂಕರ್ ಅಂದರೂ 375 ಸಲ. ಮರಳು, ಪೈಪು, ಯಂತ್ರ, ವಾಪಸ್ ಬರುವ ಉಪ್ಪು ನೀರು ಎಲ್ಲ ಸೇರಿ ಒಂದು ಬಾವಿಗೆ ಹತ್ತಿರ ಹತ್ತಿರ 2,000 ಲಾರಿ ಓಡಾಟ. ರಸ್ತೆಗಳು ಯಾವುವು? ಸುಗ್ಗಿಯಲ್ಲಿ ಗೋಧಿ ಸಾಗಿಸಲು ಮಾಡಿದ ಜಲ್ಲಿ ರಸ್ತೆಗಳು. ಚಳಿಗಾಲದಲ್ಲಿ ನೆಲ ಕಲ್ಲಾಗಿರುತ್ತದೆ, ಪರವಾಗಿಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ಮೇಲಿನ ಹಿಮ ಕರಗಿ, ಕೆಳಗಿನ ನೆಲ ಇನ್ನೂ ಹೆಪ್ಪುಗಟ್ಟಿರುವಾಗ ನೀರು ಇಂಗಲು ದಾರಿಯಿಲ್ಲ. ರಸ್ತೆ ಹಿಟ್ಟಿನ ಮುದ್ದೆ ಆಗುತ್ತದೆ. ಆಗ ಭಾರದ ಲಾರಿಗೆ ನಿರ್ಬಂಧ ಹಾಕುತ್ತಾರೆ. ದಿನಕ್ಕೆ ಲಕ್ಷಾಂತರ ಡಾಲರ್ ಆಟ ನಡೆಯುವಲ್ಲಿ ನಿರ್ಬಂಧ ಎಷ್ಟು ದಿನ ನಿಲ್ಲುತ್ತದೆ ಅನ್ನುವುದು ನಿಮಗೂ ಗೊತ್ತು.

ನಮ್ಮಲ್ಲಿ ನೀರಿನ ಪೈಪು ಮೂರಡಿ ಆಳಕ್ಕೆ ಹೂತರೆ ಸಾಕು. ಅಲ್ಲಿ ಎಂಟು ಅಡಿ, ಇಲ್ಲದಿದ್ದರೆ ಜನವರಿಯಲ್ಲಿ ಒಡೆದುಹೋಗುತ್ತದೆ. ಅಗೆಯಲು ಸಿಗುವುದು ವರ್ಷಕ್ಕೆ ಆರೇಳು ತಿಂಗಳು. ಅಗೆಯುವವರಾದರೂ ಎಲ್ಲಿ? ಬರ್ಗರ್ ಅಂಗಡಿಯೇ ಗಂಟೆಗೆ 15 ಡಾಲರ್ ಕೊಡುತ್ತಿತ್ತು. ನಗರಸಭೆಯ ನೌಕರರು ಕೆಲಸ ಬಿಟ್ಟು ಟ್ಯಾಂಕರ್ ಓಡಿಸಲು ಹೋಗುತ್ತಿದ್ದರು. 2014ರ ಆರಂಭದಲ್ಲಿ ಒಂದು ಕೋಣೆಯ ಮನೆಗೆ ತಿಂಗಳಿಗೆ ಸುಮಾರು 2,400 ಡಾಲರ್ ಬಾಡಿಗೆ, ನ್ಯೂಯಾರ್ಕ್‌ಗಿಂತ ಜಾಸ್ತಿ. ನನ್ನ ಮನೆ ಮಾಲೀಕರು ಒಂದೇ ವರ್ಷದಲ್ಲಿ ಎರಡು ಸಲ ಬಾಡಿಗೆ ಏರಿಸಿದರು. ಮೂರನೇ ಸಲ ನಾನೂ ಇಬ್ಬರು ಸರ್ವೇಯರ್‌ಗಳ ಜೊತೆ ಟ್ರೈಲರ್ ಸೇರಿದೆ. ನಾನಾದರೂ ಸಂಬಳ ಇದ್ದವನು. ಪೆನ್ಷನ್ ನಂಬಿಕೊಂಡಿದ್ದ ಎಷ್ಟೋ ಮುದುಕರು ಹುಟ್ಟಿದ ಊರು ಬಿಟ್ಟು ಮಕ್ಕಳ ಮನೆ ಸೇರಿದರು.

ಭರಾಟೆಯಿಂದ ರೈತರೆಲ್ಲ ಕೋಟ್ಯಧೀಶರಾದರು ಎಂಬ ಮಾತಿದೆ. ಆದವರು ಇದ್ದಾರೆ. ಆದರೆ ಪೈಪ್‌ಲೈನ್ ಸರ್ವೇಗೆ ಹೋದಾಗ ನಾನು ಕಂಡ ಒಂದು ಅಡುಗೆಮನೆ ಹೇಳುತ್ತೇನೆ. ಎಂಬತ್ತರ ಹತ್ತಿರದ ಅಜ್ಜಿ. ನಾರ್ವೆಯಿಂದ ಬಂದವರ ವಂಶ. ಆಲೂಗಡ್ಡೆ ಹಿಟ್ಟಿನ ಲೆಫ್ಸೆ ಲಟ್ಟಿಸುತ್ತಿದ್ದರು, ನೋಡಲು ಥೇಟ್ ನಮ್ಮ ತೆಳು ರೊಟ್ಟಿ. ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿ ಕೊಟ್ಟರು. ಕಿಟಕಿಯಾಚೆ ಅವರದೇ ಗೋಧಿ ಹೊಲ. ಹೊಲದ ನಡುವೆ ಬಾವಿ, ಪಕ್ಕದಲ್ಲಿ ಮನೆಯೆತ್ತರ ಉರಿಯುವ ಬೆಂಕಿ. ರಾಯಧನ ಎಷ್ಟು ಬರುತ್ತದೆ ಅಂತ ಕೇಳಿಬಿಟ್ಟೆ. "ಒಂದು ಸೆಂಟೂ ಇಲ್ಲಪ್ಪ" ಅಂದರು.

ಅಲ್ಲಿನ ಕಾನೂನಿನಲ್ಲಿ ನೆಲದ ಮೇಲಿನ ಹಕ್ಕು ಬೇರೆ, ಕೆಳಗಿನ ಖನಿಜದ ಹಕ್ಕು ಬೇರೆ. ಎರಡನ್ನೂ ಬಿಡಿಬಿಡಿಯಾಗಿ ಮಾರಬಹುದು. 1930ರ ದಶಕದ ಬರ ಮತ್ತು ಆರ್ಥಿಕ ಕುಸಿತದಲ್ಲಿ ಎಷ್ಟೋ ಹೊಲ ಸಾಲಕ್ಕೆ ಹೋದವು. ಮತ್ತೆ ಮಾರುವಾಗ ಸಾಲ ಕೊಟ್ಟವರು ಖನಿಜದ ಹಕ್ಕನ್ನು ಇಟ್ಟುಕೊಂಡರು. ಅಜ್ಜಿಯ ಮಾವನವರಿಗೆ ಆಗಿದ್ದೂ ಇದೇ. ಹಾಗಾಗಿ ಧೂಳು, ಸದ್ದು, ರಾತ್ರಿಯಿಡೀ ಬೆಳಕು ಅಜ್ಜಿಯ ಪಾಲಿಗೆ. ಚೆಕ್ಕು ಎಲ್ಲೋ ಅರಿಜೋನಾದಲ್ಲಿ ಇರುವ ಯಾರಿಗೋ. ನಮ್ಮಲ್ಲಿ ತೈಲ ತೆಗೆಯುವ ಗುತ್ತಿಗೆ ಕೊಡುವುದು ಸರ್ಕಾರ, ರಾಯಧನವೂ ಸರ್ಕಾರಕ್ಕೆ. ಎರಡು ಪದ್ಧತಿಯಲ್ಲಿ ಯಾವುದು ಮೇಲು ಅಂತ ನಾನು ಹೇಳಲಾರೆ. ಆ ಅಜ್ಜಿಗೆ ಮಾತ್ರ ಎರಡೂ ಒಂದೇ.

ಇನ್ನು ಆ ಬೆಂಕಿ. ತೈಲದ ಜೊತೆ ಅನಿಲವೂ ಬರುತ್ತದೆ. ತೈಲವನ್ನು ಲಾರಿಗೆ ತುಂಬಬಹುದು, ಅನಿಲಕ್ಕೆ ಪೈಪ್ ಬೇಕು. ಪೈಪ್ ಹಾಕುವವರೆಗೆ ಯಾರು ಕಾಯುತ್ತಾರೆ? ಬಂದ ಅನಿಲದಲ್ಲಿ ಸುಮಾರು ಮೂರನೇ ಒಂದು ಪಾಲು ಸುಮ್ನೆ ಉರಿದುಹೋಗುತ್ತಿತ್ತು. ಉಪಗ್ರಹದ ರಾತ್ರಿ ಚಿತ್ರದಲ್ಲಿ ಆ ಖಾಲಿ ಬಯಲು ದೊಡ್ಡ ನಗರದ ಹಾಗೆ ಹೊಳೆಯುತ್ತಿತ್ತು. 2014ರಲ್ಲಿ ರಾಜ್ಯ ಇದಕ್ಕೆ ಮಿತಿ ಹಾಕಿತು. ತೈಲಕ್ಕೂ ಪೈಪ್ ಸಾಲದೆ ರೈಲು ಹಿಡಿದರು. 2013ರ ಜುಲೈ 6ರಂದು ಬಾಕನ್ ತೈಲ ತುಂಬಿದ ರೈಲು ಕೆನಡಾದ ಲಾಕ್ ಮೆಗಾಂಟಿಕ್ ಎಂಬ ಊರಿನಲ್ಲಿ ಹಳಿ ತಪ್ಪಿ ಸ್ಫೋಟಿಸಿತು. 47 ಜನ ಸತ್ತರು. ಬಾಕನ್ ಹೆಸರನ್ನೇ ಕೇಳಿರದ ಊರು ಅದು.

ನೀರಿನವನಾದ ನನಗೆ ತೈಲ ಚೆಲ್ಲುವುದಕ್ಕಿಂತ ಉಪ್ಪು ನೀರು ಚೆಲ್ಲುವುದೇ ಜಾಸ್ತಿ ಭಯ. ಬಾವಿಯಿಂದ ತೈಲದ ಜೊತೆ ಬರುವ ನೀರು ಸಮುದ್ರದ ನೀರಿಗಿಂತ ಎಷ್ಟೋ ಪಟ್ಟು ಉಪ್ಪು. ತೈಲ ಚೆಲ್ಲಿದ ಮಣ್ಣನ್ನು ಕಾಲಕ್ರಮೇಣ ಸೂಕ್ಷ್ಮಜೀವಿಗಳು ತಿಂದು ಸರಿಮಾಡುತ್ತವೆ. ಉಪ್ಪನ್ನು ಯಾರು ತಿನ್ನುತ್ತಾರೆ? 2015ರ ಜನವರಿಯಲ್ಲಿ ವಿಲ್ಲಿಸ್ಟನ್ ಹತ್ತಿರ ಪೈಪ್ ಸೋರಿ ಒಂದು ಕೋಟಿ ಲೀಟರ್‌ಗೂ ಜಾಸ್ತಿ ಇಂಥ ನೀರು ಹಳ್ಳಕ್ಕೆ ಹರಿದದ್ದು ಬೆಳಕಿಗೆ ಬಂತು. ಉಪ್ಪು ಕುಡಿದ ನೆಲದಲ್ಲಿ ದಶಕಗಳಾದರೂ ಹುಲ್ಲು ಸರಿಯಾಗಿ ಬಾರದ ಜಾಗಗಳನ್ನು, ಹಳೇ ಕಾಲದ ತೈಲ ಬಾವಿಗಳ ಸುತ್ತ, ನಾನೇ ಕಂಡಿದ್ದೇನೆ. ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ಸವಳು ನೆಲ ನೋಡಿದವರಿಗೆ ಆ ಬಿಳಿ ಪದರ ಹೊಸದಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಹಾಕುವ ಪೈಪು ಐವತ್ತು ವರ್ಷ ಬಾಳಬೇಕು. ಅದರ ಸಾಲ ತೀರಲು ಇಪ್ಪತ್ತು, ಮೂವತ್ತು ವರ್ಷ. ಶೇಲ್ ಬಾವಿ ಹಾಗಲ್ಲ. ಮೊದಲ ವರ್ಷವೇ ಅದರ ಹರಿವು ಸುಮಾರು ಮೂರನೇ ಎರಡು ಪಾಲು ಕುಸಿಯುತ್ತದೆ. ಆಮೇಲೆ ವರ್ಷಗಟ್ಟಲೆ ಜಿನುಗುತ್ತದೆ, ಆದರೆ ಜಿನುಗುವ ಬಾವಿಗೆ ಜನ ಬೇಡ. ಕೆಲಸ ಇರುವುದು ಕೊರೆಯುವಲ್ಲಿ ಮತ್ತು ಸೀಳುವಲ್ಲಿ. ಉತ್ಪಾದನೆ ಇದ್ದಲ್ಲೇ ಇರಬೇಕಾದರೂ ಕೊರೆಯುತ್ತಲೇ ಇರಬೇಕು. ತೈಲದ ಬೆಲೆ ಬಿದ್ದ ದಿನ ಕೊರೆತ ನಿಲ್ಲುತ್ತದೆ, ಜನ ಗಂಟುಮೂಟೆ ಕಟ್ಟುತ್ತಾರೆ. ಪೈಪು ಮಾತ್ರ ನೆಲದಲ್ಲೇ ಇರುತ್ತದೆ, ಸಾಲದ ಸಮೇತ.

ವಿಲ್ಲಿಸ್ಟನ್‌ಗೆ ಇದು ಗೊತ್ತಿರಲಿಲ್ಲ ಅಂತಲ್ಲ. 1980ರ ದಶಕದಲ್ಲೂ ಒಂದು ಭರಾಟೆ ಬಂದು, ಬೆಲೆ ಬಿದ್ದು, ಮನೆಯಿಲ್ಲದ ಬಡಾವಣೆಗಳ ಸಾಲ ನಗರದ ತಲೆಗೆ ಬಂದಿತ್ತು. ಸಭೆಗಳಲ್ಲಿ ಹಳಬರು ಅದನ್ನೇ ಎತ್ತುತ್ತಿದ್ದರು. ಆದರೆ ಕೊಳಚೆ ಕೆರೆ ತುಂಬಿ ತುಳುಕುವಾಗ 'ನೋಡೋಣ ಇರಿ' ಅನ್ನಲು ಆಗುವುದಿಲ್ಲ. ಎಷ್ಟು ಜನಕ್ಕೆ ವಿನ್ಯಾಸ ಮಾಡಲಿ ಅಂತ ನಾನು ಕೇಳಿದರೆ ಒಬ್ಬರು ಮೂವತ್ತು ಸಾವಿರ ಅನ್ನುತ್ತಿದ್ದರು, ಇನ್ನೊಬ್ಬರು ಅರವತ್ತು ಸಾವಿರ. ಎರಡಕ್ಕೂ ಸಮರ್ಥನೆ ರೆಡಿ ಇತ್ತು.

ಕುಡಿಯುವ ನೀರಿನ ಯೋಜನೆಯಲ್ಲಿ ಒಂದು ಜಾಣ ದಾರಿ ಹಿಡಿದರು. 2011ರಲ್ಲಿ ಪಶ್ಚಿಮದ ಕೌಂಟಿಗಳಿಗೆ, ಅಂದರೆ ಅಲ್ಲಿನ ಜಿಲ್ಲೆಗಳಿಗೆ, ಮಿಸ್ಸೂರಿ ನದಿ ನೀರು ಕೊಡುವ ಸಂಸ್ಥೆ ಕಟ್ಟಿ, ಹೆಚ್ಚುವರಿ ನೀರನ್ನು ತೈಲ ಕಂಪನಿಗಳಿಗೆ ಮಾರಿ ಸಾಲ ತೀರಿಸುವುದು ಅಂತ ತೀರ್ಮಾನ. ಕಾಗದದ ಮೇಲೆ ಚೆನ್ನಾಗಿತ್ತು. ನನಗೂ ಇಷ್ಟವಾಗಿತ್ತು. 2014ರ ಜೂನ್‌ನಲ್ಲಿ ನೂರು ಡಾಲರ್ ಮೇಲಿದ್ದ ಬ್ಯಾರೆಲ್ 2016ರ ಆರಂಭಕ್ಕೆ ಮೂವತ್ತರ ಕೆಳಗೆ ಬಿತ್ತು. ಸುಮಾರು 190 ಇದ್ದ ರಿಗ್‌ಗಳು ಮೂವತ್ತಕ್ಕಿಂತ ಕಡಿಮೆ ಆದವು. ನೀರು ಕೊಳ್ಳುವವರು ಇಲ್ಲ, ಕಂತು ಕಟ್ಟಲು ಪರದಾಟ. ಕೊನೆಗೆ ರಾಜ್ಯವೇ ಸಾಲ ಸಡಿಲಿಸಬೇಕಾಯಿತು.

ನಾನು ಬಿಟ್ಟು ಬರುವ ಚಳಿಗಾಲ ಒಂದು ಬಡಾವಣೆಗೆ ಹೋಗಿದ್ದೆ. ರಸ್ತೆ, ಬೀದಿದೀಪ, ಕೆಂಪು ಹೈಡ್ರೆಂಟ್, ಹಿಮದಲ್ಲಿ ಹೂತ ಮ್ಯಾನ್‌ಹೋಲ್ ಎಲ್ಲ ಇತ್ತು. ಮನೆ ಒಂದೂ ಇಲ್ಲ. ಡೆವಲಪರ್ ಫೋನ್ ಎತ್ತುವುದು ನಿಲ್ಲಿಸಿ ತಿಂಗಳುಗಳಾಗಿದ್ದವು. ಆ ಮ್ಯಾನ್‌ಹೋಲ್‌ಗಳ ಆಳ, ಇಳಿಜಾರು ನಾನೇ ಲೆಕ್ಕ ಹಾಕಿದ್ದು.

ಆ ರಾಜ್ಯ ಮಾಡಿದ ಒಂದು ಕೆಲಸ ಮಾತ್ರ ನನಗೆ ಹೊಟ್ಟೆಕಿಚ್ಚು ತರುತ್ತದೆ. ಭರಾಟೆ ಏರುತ್ತಿರುವಾಗಲೇ, 2010ರಲ್ಲಿ, ಮತದಾರರು ಲೆಗಸಿ ಫಂಡ್ ಎಂಬ ನಿಧಿಗೆ ಒಪ್ಪಿಗೆ ಕೊಟ್ಟರು. ತೈಲ ತೆರಿಗೆಯಲ್ಲಿ ನೂರಕ್ಕೆ 30 ಅದಕ್ಕೆ. 2017ರ ಜೂನ್‌ವರೆಗೆ ಮುಟ್ಟುವಂತೆಯೇ ಇರಲಿಲ್ಲ. ನಮ್ಮ ಬಳ್ಳಾರಿಯಲ್ಲಿ ಅದಿರಿನ ಲಾರಿಗಳು ಹಗಲು ರಾತ್ರಿ ಓಡಿದವು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಗಣಿ ಜಿಲ್ಲೆಗಳಿಗೆ ಪಾಲು ಕೊಡುವ ಜಿಲ್ಲಾ ಖನಿಜ ನಿಧಿ ಕಾನೂನಿಗೆ ಬಂದದ್ದು 2015ರಲ್ಲಿ. ಹಾಗಂತ ಡಕೋಟಾವನ್ನು ಹೊಗಳಿ ಮುಗಿಸುವುದೂ ಸರಿಯಲ್ಲ. ನಿಧಿ ಬೆಳೆಯುತ್ತಿದ್ದಾಗಲೇ ವಿಲ್ಲಿಸ್ಟನ್ ಸಾಲದಲ್ಲಿ ಯುಜಿಡಿ ಹಾಕುತ್ತಿತ್ತು. ದುಡ್ಡು ರಾಜಧಾನಿಯಲ್ಲಿ, ಧೂಳು ಊರಿನಲ್ಲಿ. ಈ ದೂರು ಎಲ್ಲ ಕಡೆ ಒಂದೇ.

ಬೆಲೆ ಮತ್ತೆ ಏರಿತು. 2019ರ ಕೊನೆಗೆ ರಾಜ್ಯ ದಿನಕ್ಕೆ 15 ಲಕ್ಷ ಬ್ಯಾರೆಲ್ ತೆಗೆಯಿತು. ಮರುವರ್ಷ ಕೊರೊನಾ ಬಂದು ಮತ್ತೆ ಕುಸಿತ. ಆದರೆ ಊರು ಖಾಲಿಯಾಗಲಿಲ್ಲ. 2020ರ ಜನಗಣತಿಯಲ್ಲಿ ವಿಲ್ಲಿಸ್ಟನ್ 29,160. ಮೂವತ್ತು ಸಾವಿರ ಅಂದವರು ಗೆದ್ದರು. ಬಂದ ಗಂಡಸರಲ್ಲಿ ಎಷ್ಟೋ ಜನ ಹೆಂಡತಿ ಮಕ್ಕಳನ್ನು ಕರೆಸಿಕೊಂಡಿದ್ದರು, ಹೊಸ ಹೈಸ್ಕೂಲು ಬಂದಿತ್ತು, ಹೊಸ ವಿಮಾನ ನಿಲ್ದಾಣವೂ ಬಂದಿತ್ತು.

ಆಚೆ ವರ್ಷ ಅಲ್ಲಿನ ಹಳೇ ಸಹೋದ್ಯೋಗಿಯೊಬ್ಬರು ಅದೇ ಪಂಪ್‌ಹೌಸಿನ ಒಂದು ವಾರದ ಚಾರ್ಟ್ ಕಳಿಸಿದ್ದರು. ಬೆಳಗ್ಗೆ ಏಳಕ್ಕೆ ಒಂದು ದಿಬ್ಬ, ಸಂಜೆ ಎಂಟಕ್ಕೆ ಇನ್ನೊಂದು. ಭಾನುವಾರ ಬೆಳಗಿನ ದಿಬ್ಬ ಎರಡು ಗಂಟೆ ತಡ. ರಾತ್ರಿ ಮೂರಕ್ಕೆ ಗೆರೆ ಚೆನ್ನಾಗಿ ಕೆಳಗಿಳಿದಿತ್ತು.